ಕೊಡಚಾದ್ರಿ ಇಳಿದು ಬಂದ ಮೇಲೆ

ಊರಿಂದ ಬಂದು ಎಂಟು ದಿನವಾಯಿತು. ಬೂಟಿನ ಸಂದಿಯಲ್ಲಿ ಸಿಕ್ಕಿಕೊಂಡ ಕೆಮ್ಮಣ್ಣು ಒಣಗಿದೆ, ತೊಳೆಯಲು ಮನಸ್ಸಾಗಿಲ್ಲ. ಎಡಗಾಲಿನಲ್ಲಿ ಉಂಬಳ (ಕಾಡಿನ ಜಿಗಣೆ) ಕಚ್ಚಿದ ಜಾಗ ಇನ್ನೂ ತುರಿಸುತ್ತದೆ. ಆ ತುರಿಕೆ ಪೂರ್ತಿ ಹೋಗುವ ಮುಂಚೆ ಇದನ್ನು ಬರೆದುಬಿಡಬೇಕು ಅನ್ನಿಸಿತು.

ಹೋದ ವರ್ಷ ಕಾರ್ತಿಕದಲ್ಲಿ ನಾನು ಆಸ್ಪತ್ರೆ ಸೇರಿ ಸಾವಿನ ಹತ್ತಿರ ಹೋಗಿ ಬಂದದ್ದು ನಿಮಗೆಲ್ಲ ಗೊತ್ತು. ಅದನ್ನು ಇಲ್ಲಿ ಮತ್ತೆ ಬಿಚ್ಚುವುದಿಲ್ಲ. ಈ ದಸರೆಗೆ ಊರಿಗೆ ಹೋದೆ. ಹೈಸ್ಕೂಲಿನ ನಾಲ್ವರು ಗೆಳೆಯರ ಜೊತೆ ಬೆನ್ನಿಗೆ ಚೀಲ ಏರಿಸಿ ಕೊಡಚಾದ್ರಿ ಹತ್ತಿ ಇಳಿದೆ. ಹನ್ನೊಂದು ತಿಂಗಳ ಹಿಂದೆ ಮಂಚದಿಂದ ಬಾತ್‌ರೂಮಿನವರೆಗೆ ಗೋಡೆ ಹಿಡಿದು ಹೋಗುತ್ತಿದ್ದವನು 1,343 ಮೀಟರಿನ ಗುಡ್ಡದ ನೆತ್ತಿಯಲ್ಲಿ, ಸರ್ವಜ್ಞ ಪೀಠದ ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಅಲ್ಲಿವರೆಗೆ ನನ್ನನ್ನು ಮುಟ್ಟಿಸಿದವರಿಗೆ ಈ ಬರಹ.

ರಕ್ತ ಕೊಟ್ಟ ಆಫೀಸಿನ ಹುಡುಗರು, ಎರಡು ತಿಂಗಳು ನನ್ನ ಮಗಳನ್ನು ತಮ್ಮ ಮಕ್ಕಳ ಜೊತೆಗೇ ಶಾಲೆಗೆ ಬಿಟ್ಟು ಕರೆತಂದ ಪಕ್ಕದ ಮನೆಯವರು, ದುಡ್ಡು ಕಳಿಸಿ "ವಾಪಸ್ ಕೊಡೋ ಮಾತು ಎತ್ತಬೇಡ" ಎಂದ ಭಾವ, ರಾತ್ರಿ ಪಾಳಿಯ ಸಿಸ್ಟರ್, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಹೆಂಡತಿಗೆ ಹೇಳಬೇಕಾದದ್ದನ್ನು ಮನೆಯಲ್ಲೇ ಹೇಳಿದ್ದೇನೆ.

ಅಮ್ಮ ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತಿದ್ದಳು. ಹೊತ್ತದ್ದು ಲಾಂಚಿನ ಮೇಲೆ, ಶರಾವತಿ ಹಿನ್ನೀರಿನ ನಡುವೆ, ಸೆರಗು ಹಿಡಿದು ನಿಂತುಕೊಂಡು. ತೀರಿಸಲು ಹೋಗುವಾಗ ಲಾಂಚು ಬೇಕಾಗಲಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿಲೋಮೀಟರಿನ ಸೇತುವೆ ತೆರೆದಿದೆ. ಕಾರು ಸೇತುವೆ ಮೇಲೆ ಹೋಗುವಾಗ ಅಮ್ಮ ಕಿಟಕಿಗೆ ಮುಖ ಒತ್ತಿ ಕೆಳಗಿನ ನೀರನ್ನೇ ನೋಡುತ್ತಿದ್ದಳು. "ಅವತ್ತು ಇಲ್ಲೇ ಎಲ್ಲೋ ಕೇಳ್ಕೊಂಡಿದ್ದು" ಅಂದಳು. ಮತ್ತೇನೂ ಹೇಳಲಿಲ್ಲ. ನನ್ನ ಕೈ ಮಾತ್ರ ಬಿಡಲಿಲ್ಲ.

ಇನ್ನು ಅವನು, ಆ ನಾಲ್ವರು ಗೆಳೆಯರಲ್ಲಿ ಒಬ್ಬ. ಹೆಸರು ಬರೆದರೆ ಬೈಯುತ್ತಾನೆ, ಹಾಗಾಗಿ ಬರೆಯುವುದಿಲ್ಲ. ಹೊಸನಗರ ತಾಲೂಕಿನ ನಗರ ಅನ್ನುವ ಊರಿನ ಹತ್ತಿರ ತೋಟ ಇರುವವನು ಅಂದರೆ ನಮ್ಮ ಬ್ಯಾಚಿನವರಿಗೆ ಸಾಕು.

ಸುದ್ದಿ ಮುಟ್ಟಿದಾಗ ಅವನ ಮನೆಯಲ್ಲಿ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ನಡೆಯುತ್ತಿತ್ತು. ಕೊನೆಗಾರರು ಸಿಗುವುದೇ ಕಷ್ಟದ ಹೊತ್ತು. ಎಲೆಚುಕ್ಕಿ ರೋಗ ಬಂದು ಸೋಗೆಗಳೆಲ್ಲ ಒಣಗಿ ಜೋತುಬಿದ್ದಿದ್ದ ತೋಟ ಅದು, ಫಸಲು ಅರ್ಧಕ್ಕೆ ಇಳಿದಿತ್ತು. ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತಂತೆ. ಒಲೆ ಮುಂದೆ ಹೆಂಡತಿಯನ್ನು ಕೂರಿಸಿ, ಹೊಸನಗರಕ್ಕೆ ಬಂದು ರಾತ್ರಿ ಬಸ್ಸು ಹತ್ತಿದ. ಬೆಳಿಗ್ಗೆ ಬೆಂಗಳೂರಿಗೆ ಬಂದಿಳಿದವನು ಮೂರು ರಾತ್ರಿ ನಿದ್ದೆ ಇಲ್ಲದ ನನ್ನ ಹೆಂಡತಿಯನ್ನು ನೋಡಿ, "ತಂಗಿ, ನೀನು ಮನೆಗೆ ಹೋಗಿ ಮಗು ಹತ್ರ ಮಲಗು, ಇವತ್ತು ನಾನಿರ್ತೀನಿ" ಅಂದ. ಆವತ್ತಿನ ರಾತ್ರಿಯೇ ಎಲ್ಲಕ್ಕಿಂತ ಕೆಟ್ಟದ್ದಾಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಅವನ ಕೈಯಿಂದ ಅಡಿಕೆ ಚೊಗರಿನ ಕಪ್ಪು ಕಲೆ ಹೋಗಿರಲಿಲ್ಲ. ಉಗುರಿನ ಸುತ್ತ, ಬೆರಳ ಗೆರೆಗಳ ಒಳಗೆ, ಅಂಗೈಯ ಬಿರುಕುಗಳಲ್ಲಿ ಅದೇ ಬಣ್ಣ. ಮಂಚದ ಕಂಬಿ ಹಿಡಿದಿದ್ದ ಆ ಕೈಯನ್ನೇ ನಾನು ರಾತ್ರಿಯೆಲ್ಲ ನೋಡುತ್ತಿದ್ದೆ. ಕಣ್ಣು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಅನ್ನುವ ಹೆದರಿಕೆ. "ಏನಾದ್ರೂ ಮಾತಾಡು" ಅಂದೆ. ಅವನು ಮೊದಲಿಂದಲೂ ಮಾತು ಕಡಿಮೆಯವನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಸನಗರ ಬಸ್ ಸ್ಟ್ಯಾಂಡ್" ಅಂದ. ಆಮೇಲೆ ನಮ್ಮ ಹೈಸ್ಕೂಲಿನ ಕಾಲದ ಬಸ್ಸು ಹೊರಟಿತು. ಯಾವ ತಿರುವಿನಲ್ಲಿ ಡ್ರೈವರು ಗೇರು ಬದಲಿಸುತ್ತಿದ್ದ, ಯಾವ ಮರದಡಿ ಯಾರ ಮನೆ ಹಾಲಿನ ಕ್ಯಾನು ಏರುತ್ತಿತ್ತು, ಮಳೆಗಾಲದಲ್ಲಿ ಎಲ್ಲಿ ನೀರು ರಸ್ತೆಗೆ ಬರುತ್ತಿತ್ತು, ಒಂದನ್ನೂ ಬಿಡಲಿಲ್ಲ. ನಗರದ ಕೋಟೆ ಬಂತು, ಸಂಪೆಕಟ್ಟೆ ಬಂತು, ನಿಟ್ಟೂರು, ನಾಗೋಡಿ. ಕೊಲ್ಲೂರು ಘಾಟಿ ಇಳಿಸಿ, ಬಸ್ಸನ್ನು ತಿರುಗಿಸಿಕೊಂಡು ಮತ್ತೆ ಹತ್ತಿಸಿದ.

ನಡುವೆ ಒಂದು ಸಲ ನಾನು ಮಗಳ ಬಗ್ಗೆ ಒಂದು ಮಾತು ಎತ್ತಿದೆ. ನಾನಿಲ್ಲದಿದ್ದರೆ ಹೀಗೆ ಮಾಡು ಅಂತ. ಪೂರ್ತಿ ಹೇಳಲು ಬಿಡಲಿಲ್ಲ. "ಅದನ್ನ ನನ್ ಹತ್ರ ಹೇಳ್ಬೇಡ ಮಾರಾಯ. ನಿನ್ ಮಗಳು, ನೀನೇ ನೋಡ್ಕೊ" ಅಂತ ಸಿಟ್ಟಿನಲ್ಲೇ ಅಂದು ಹೊರಗೆ ಹೋದ. ಹತ್ತು ನಿಮಿಷ ಬಿಟ್ಟು ಬಂದಾಗ ಮುಖ ತೊಳೆದಿದ್ದ, ಅಂಗಿಯ ಕಾಲರು ಒದ್ದೆಯಾಗಿತ್ತು. ಸ್ಟೂಲು ಎಳೆದು ಕೂತು, "ಎಲ್ಲಿದ್ವಿ? ನಗರ" ಅಂದ. ಮೂರನೇ ಸಲ ಸಂಪೆಕಟ್ಟೆ ದಾಟುವಾಗ ಬೆಳಕು ಹರಿದಿತ್ತು.

ಮುಂದಿನ ಐದು ದಿನವೂ ಅವನು ಹೋಗಲಿಲ್ಲ. ಆ ವರ್ಷ ಅವನ ಅಡಿಕೆ ಒಂದಿಷ್ಟು ಗೊನೆಯಲ್ಲೇ ಹಣ್ಣಾಗಿ ಉದುರಿತು ಅಂತ ನನಗೆ ಗೊತ್ತಾದದ್ದು ತಿಂಗಳುಗಳ ನಂತರ, ಬೇರೆಯವರಿಂದ.

ಗುಡ್ಡ ಹತ್ತುವ ಯೋಚನೆಯೂ ಅವನದೇ. ಅರಣ್ಯ ಇಲಾಖೆಯ ಅನುಮತಿ ಮಾಡಿಸಿದ ಮೇಷ್ಟ್ರು, ಮಸ್ಕತ್ತಿನಿಂದ ರಜೆ ಹಾಕಿ ಬಂದು ನನ್ನ ಅರ್ಧ ಸಾಮಾನನ್ನು ತನ್ನ ಚೀಲಕ್ಕೆ ತುಂಬಿಕೊಂಡವನು, ಬಿ.ಪಿ. ಮೆಷಿನ್ನು ಹೊತ್ತು ಬಂದು ಗಂಟೆಗೊಮ್ಮೆ ತೋಳಿಗೆ ಪಟ್ಟಿ ಸುತ್ತಿದ ನಮ್ಮ ಮೆಡಿಕಲ್ ಶಾಪಿನವನು, ನೀವು ಮೂವರಿಲ್ಲದೆ ಇದು ಆಗುತ್ತಿರಲಿಲ್ಲ.

ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಅಬ್ಬಿ ಜಲಪಾತದ ದಾರಿ ಹಿಡಿದೆವು. ಜೀಪು ರಸ್ತೆ ಬೇಡ, ನಡೆದೇ ಹೋಗಬೇಕು ಅಂತ ನಾನೇ ಹಟ ಮಾಡಿದ್ದೆ. ಮಳೆ ಬಿಟ್ಟು ಹೆಚ್ಚು ದಿನವಾಗಿರಲಿಲ್ಲ, ಅಬ್ಬಿಯಲ್ಲಿ ನೀರು ತುಂಬಾ ಇತ್ತು. ಪಕ್ಕದ ಬಂಡೆಗಳನ್ನು ಬೇರು ಹಿಡಿದು ಹತ್ತಬೇಕು. ಅಲ್ಲಿಂದ ಮೇಲೆ ಕಾಡು ಮುಗಿದು ಹುಲ್ಲುಗಾವಲು ಶುರುವಾಗುವವರೆಗೆ ಏರು ಬಿಡುವುದಿಲ್ಲ. ಅವನು ಉದ್ದಕ್ಕೂ ನನ್ನ ಹಿಂದೆಯೇ ಬಂದ. ನನ್ನ ಉಸಿರು ಕಟ್ಟುತ್ತಿದೆ ಅನ್ನುವಷ್ಟರಲ್ಲಿ ಹಿಂದಿನಿಂದ, "ನಿಲ್ಲಾ, ಉಂಬಳ ಹತ್ತಿದೆ, ಕಿತ್ತು ಬರ್ತೀನಿ" ಅನ್ನುತ್ತಿದ್ದ. ನಾನು ನಿಲ್ಲುತ್ತಿದ್ದೆ. ಹೀಗೆ ಇಪ್ಪತ್ತು ಸಲವಾದರೂ ಆಗಿರಬೇಕು. ಸಂಜೆ ಮೇಲೆ ಅರ್ಚಕರ ಮನೆಯ ಅಂಗಳದಲ್ಲಿ ಕಾಲು ತೊಳೆಯುವಾಗ ನೋಡಿದೆ. ಸುಣ್ಣ, ಹೊಗೆಸೊಪ್ಪು ಸವರಿದ ಅವನ ಕಾಲಿನಲ್ಲಿ ಒಂದೇ ಒಂದು ಉಂಬಳ ಕಚ್ಚಿದ ಗುರುತಿರಲಿಲ್ಲ.

ಅನ್ನ, ಬಿಸಿ ಸಾರು, ಅಪ್ಪೆಮಿಡಿ, ಮಜ್ಜಿಗೆ ಬಡಿಸಿದ ಆ ಮನೆಯ ಅಮ್ಮನಿಗೂ ನನ್ನ ನಮಸ್ಕಾರ.

ಆ ರಾತ್ರಿ ಎಷ್ಟೊತ್ತಿಗೋ ಎಚ್ಚರವಾಯಿತು. ಎದೆ ಹೊಡೆದುಕೊಳ್ಳುತ್ತಿತ್ತು, ಕಿವಿಯಲ್ಲಿ ವಾರ್ಡಿನ ಮೆಷಿನ್ನಿನ ಸದ್ದು. ಎದ್ದು ಹೊರಗೆ ಬಂದೆ. ಹುಣ್ಣಿಮೆಗೆ ಎರಡು ದಿನ ಇತ್ತು, ಮಂಜಿನೊಳಗಿಂದ ಬೆಳದಿಂಗಳು ಹಾಲಿನ ಹಾಗೆ ಇಳಿಯುತ್ತಿತ್ತು, ದೇವಸ್ಥಾನದ ಮುಂದಿನ ಕಬ್ಬಿಣದ ಕಂಬ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿತ್ತು. ಅಂಗಳದ ತುದಿಯಲ್ಲಿ ಕೂತು ಅತ್ತೆ. ಒಂದು ವರ್ಷದಿಂದ ಯಾರೆದುರೂ ಅತ್ತಿರಲಿಲ್ಲ. ಗುಣವಾಗಿದ್ದೀಯಲ್ಲ ಅಂತ ಎಲ್ಲರೂ ಖುಷಿಪಡುವಾಗ ಇನ್ನೂ ಹೆದರಿಕೆ ಆಗುತ್ತದೆ ಅಂತ ಹೇಗೆ ಹೇಳುವುದು? ಸತ್ತುಹೋಗಿದ್ದರೆ ಮಗಳಿಗೆ ನನ್ನ ದನಿ ನೆನಪಿರುತ್ತಿತ್ತೋ ಇಲ್ಲವೋ ಅನ್ನುವ ಒಂದು ಯೋಚನೆ ಇಷ್ಟು ದಿನ ಗಂಟಲಲ್ಲಿ ಕೂತಿತ್ತು.

ಹಿಂದಿನಿಂದ ಕಂಬಳಿ ಬಂತು. ಹೆಗಲಿಗೆ ಹೊದಿಸಿ ಪಕ್ಕ ಕೂತ. ಏನಾಯಿತು ಅಂತ ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ನಾನೇ "ಹೊಸನಗರ ಬಸ್ ಸ್ಟ್ಯಾಂಡ್" ಅಂದೆ. "ಹ್ಞೂಂ, ಹತ್ತು" ಅಂದ. ಈ ಸಲ ಒಂದೊಂದು ಊರನ್ನೂ ನಾನು ಹೇಳಿದೆ, ಅವನು ಕೇಳಿದ.

ಬೆಳಿಗ್ಗೆ ಮಂಜು ಸರಿದಾಗ ದೂರದಲ್ಲಿ ಶರಾವತಿ ಹಿನ್ನೀರು ಹೊಳೆಯುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅವನ ಅಜ್ಜನ ಮನೆ, ಗದ್ದೆ ಎಲ್ಲ ಆ ನೀರಿನಡಿಗೆ ಹೋದದ್ದು. "ಅಲ್ಲಿ, ಆ ನಡುಗಡ್ಡೆ ಕಾಣ್ತದಲ್ಲ, ಅದರ ಎಡಕ್ಕೆ" ಅಂತ ಬೆರಳು ತೋರಿಸಿದ. ಅಷ್ಟು ವರ್ಷದ ಗೆಳೆತನದಲ್ಲಿ ಅವನು ಅದನ್ನು ನನಗೆ ಹೇಳಿದ್ದು ಅದೇ ಮೊದಲು.

ಇಳಿದ ಮೂರನೇ ದಿನ ಭೂಮಿ ಹುಣ್ಣಿಮೆ. ಕತ್ತಲಿರುವಾಗಲೇ ಅವನ ತೋಟಕ್ಕೆ ಕರೆದ. ಭೂಮಿತಾಯಿಗೆ ಎಡೆಯಾಗಿ ಬೀರುವ ಬೆರಕೆ ಸೊಪ್ಪಿನ ಚರಗದ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, "ಈ ವರ್ಷ ನೀನು ಬೀರು" ಅಂದ. ಒಣಗಿದ ಸೋಗೆಗಳ ನಡುವೆ ಹೊಸ ಸುಳಿ ಬಂದ ಮರಗಳಿಗೆಲ್ಲ ಬೀರುತ್ತಾ ಹೋದೆ. ಅಲ್ಲೇ ಹೇಳಬೇಕು ಅಂದುಕೊಂಡಿದ್ದೆ, ಬಾಯಿ ಬರಲಿಲ್ಲ. ನಮ್ಮ ಕಡೆ ಒಬ್ಬರಿಗೊಬ್ಬರು ಎದುರಿಗೆ ನಿಂತು ಇಂಥದ್ದನ್ನೆಲ್ಲ ಹೇಳುವ ರೂಢಿ ಇಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಇಲ್ಲಿ ಬರೆದಿದ್ದೇನೆ.

ಕೊನೆಕೊಯ್ಲಿಗೆ ಹತ್ತು ದಿನ ರಜೆ ಹಾಕಿದ್ದೇನೆ ಕಣೋ. ಹೆಂಡತಿ, ಮಗಳನ್ನೂ ಕರೆದುಕೊಂಡು ಬರುತ್ತೇನೆ. ಸುಲಿಯಲು ನನಗೂ ಒಂದು ಮೆಟ್ಟುಗತ್ತಿ ಮಸೆದಿಟ್ಟಿರು.