ಕಾಲುಬಾಯಿ ಜ್ವರ: ಲಸಿಕೆಯಷ್ಟೇ ಗಮನ ಮಾದರಿ ಸಂಗ್ರಹಕ್ಕೂ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ಕಾಲುಬಾಯಿ ಜ್ವರದ ವಿರುದ್ಧ ಆರು ತಿಂಗಳಿಗೊಮ್ಮೆ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮ 2019ರಲ್ಲಿ ಆರಂಭವಾಯಿತು. ಎಷ್ಟು ರಾಸುಗಳಿಗೆ ಲಸಿಕೆ ಬಿತ್ತು ಎಂಬ ಲೆಕ್ಕ ಪ್ರತಿ ಸುತ್ತಿನಲ್ಲೂ ಪ್ರಕಟವಾಗುತ್ತದೆ. ಆದರೆ ಲಸಿಕೆ ಹಾಕಿದ ಊರಿನಲ್ಲೇ ರಾಸುಗಳು ಜೊಲ್ಲು ಸುರಿಸುತ್ತ, ಮೇವು ಬಿಟ್ಟು ಕುಂಟತೊಡಗಿದರೆ, ಅದಕ್ಕೆ ಕಾರಣವಾದ ವೈರಸ್ ಯಾವುದೆಂದು ಪ್ರಯೋಗಾಲಯದಲ್ಲಿ ಗುರುತಿಸುವ ಕೆಲಸಕ್ಕೆ ಅಷ್ಟೇ ಒತ್ತು ಸಿಗುತ್ತಿಲ್ಲ ಎಂಬುದು ಪಶುವೈದ್ಯನಾಗಿ ನನ್ನ ಕಳವಳ.

ನಮ್ಮ ದೇಶದಲ್ಲಿ ಈ ವೈರಸ್‌ನ ಒ, ಎ ಮತ್ತು ಏಷ್ಯಾ-1 ಎಂಬ ಮೂರು ಬಗೆಗಳಿವೆ. ಒಂದರಿಂದ ಬಂದ ರಕ್ಷಣೆ ಇನ್ನೊಂದಕ್ಕೆ ಒದಗುವುದಿಲ್ಲ. ಒಂದೇ ಬಗೆಯೊಳಗೂ ವೈರಸ್ ಬದಲಾಗುತ್ತ ಹೋದರೆ ಲಸಿಕೆಯ ಹಿಡಿತ ಸಡಿಲವಾಗಬಹುದು. ರೋಗಲಕ್ಷಣ ನೋಡಿ ಇದನ್ನು ಹೇಳಲಾಗದು. ಎಲೈಸಾ ಪರೀಕ್ಷೆ ಬಗೆಯನ್ನು ಗುರುತಿಸುತ್ತದೆ, ಆರ್‌ಟಿ-ಪಿಸಿಆರ್ ಅತ್ಯಲ್ಪ ಪ್ರಮಾಣದ ವೈರಸ್ಸನ್ನೂ ಪತ್ತೆಹಚ್ಚುತ್ತದೆ, ಅನುವಂಶಿಕ ಸರಣಿಯ ವಿಶ್ಲೇಷಣೆಯಿಂದ ಅದರ ಮೂಲ ತಿಳಿಯುತ್ತದೆ.

ಆದರೆ ಈ ಪರೀಕ್ಷೆಗಳೆಲ್ಲ ಕೊಟ್ಟಿಗೆಯಲ್ಲಿ ತೆಗೆದ ಮಾದರಿಯನ್ನೇ ನೆಚ್ಚಿಕೊಂಡಿವೆ. ನಾಲಿಗೆ ಅಥವಾ ಗೊರಸಿನ ಸಂದಿನಲ್ಲಿ ಆಗತಾನೆ ಒಡೆದ ಗುಳ್ಳೆಯ ಮೇಲ್ಪೊರೆಯನ್ನು ಗ್ಲಿಸರಿನ್ ಬೆರೆಸಿದ ಬಫರ್ ದ್ರಾವಣದಲ್ಲಿಟ್ಟು (ಆಮ್ಲೀಯತೆ ಏರುಪೇರಾಗದಂತೆ ಕಾಯುವ ದ್ರಾವಣ) ತಣ್ಣಗೆ ಸಾಗಿಸಬೇಕು. ದ್ರಾವಣದ ಪಿಎಚ್ (ಆಮ್ಲೀಯತೆಯ ಅಳತೆ) 7.2ರಿಂದ 7.6ರ ನಡುವೆ ಇರಬೇಕು, ಏಕೆಂದರೆ ಪಿಎಚ್ 6ಕ್ಕಿಂತ ಕೆಳಗಿಳಿದರೆ ಈ ವೈರಸ್ ಬೇಗನೆ ನಾಶವಾಗುತ್ತದೆ. ಫಾರ್ಮಲಿನ್‌ಗೆ ಹಾಕಿದ ತುಣುಕಿನಿಂದ ವೈರಸ್ ಬೆಳೆಸಲಾಗದು. ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಹೆಪಾರಿನ್ ಪಿಸಿಆರ್ ಕ್ರಿಯೆಗೇ ಅಡ್ಡಿಯಾಗುವುದರಿಂದ, ಅದರ ಬದಲು ಇಡಿಟಿಎ ಎಂಬ ರಾಸಾಯನಿಕವಿರುವ ನಳಿಕೆಯೇ ಆಗಬೇಕು. ಹುಣ್ಣು ಮಾಯತೊಡಗಿದ ಮೇಲೆ ಮೇಲ್ಪೊರೆ ಸಿಗುವುದಿಲ್ಲ. ಆಗ ಗಂಟಲಿನ ದ್ರವವನ್ನೋ ರಕ್ತಸಾರವನ್ನೋ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ತಿಳಿದ್ರವ, ಸೀರಮ್) ಅವಲಂಬಿಸಬೇಕಾಗುತ್ತದೆ. ಕೆಟ್ಟ ಮಾದರಿಯಿಂದ ಬಂದ ‘ನೆಗೆಟಿವ್’ ವರದಿ, ವರದಿಯೇ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಅದನ್ನು ನಂಬಿ ಜಾನುವಾರು ಸಂತೆ ತೆರೆದರೆ ರೋಗ ಹತ್ತೂರಿಗೆ ಹಬ್ಬುತ್ತದೆ.

ರಕ್ತಸಾರದಲ್ಲಿ ಪ್ರತಿಕಾಯ (ವೈರಸ್ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನು) ಕಂಡಮಾತ್ರಕ್ಕೆ ರೋಗ ತಗುಲಿತ್ತೆಂದು ಹೇಳಲೂ ಆಗದು. ಅದು ಲಸಿಕೆಯಿಂದ ಬಂದದ್ದೂ ಇರಬಹುದು. ಶುದ್ಧೀಕರಿಸಿದ ಲಸಿಕೆಯಲ್ಲಿ ಮುಖ್ಯವಾಗಿ ವೈರಸ್‌ನ ಹೊರಕವಚದ ಪ್ರೋಟೀನುಗಳಿರುತ್ತವೆ. ವೈರಸ್ ಒಡಲೊಳಗೆ ಬೆಳೆಯುವಾಗ ಉಂಟಾಗುವ ಇತರ ಪ್ರೋಟೀನುಗಳ ವಿರುದ್ಧವೂ ಪ್ರತಿಕಾಯ ಕಂಡರೆ ನಿಜವಾದ ಸೋಂಕನ್ನು ಶಂಕಿಸಬೇಕಾಗುತ್ತದೆ. ಇಲ್ಲಿ ಒಂದು ರಾಸಿನ ಫಲಿತಾಂಶಕ್ಕಿಂತ ಇಡೀ ಹಿಂಡಿನ ಫಲಿತಾಂಶ ಹೆಚ್ಚು ವಿಶ್ವಾಸಾರ್ಹ. ಗಿಣ್ಣುಹಾಲಿನ ಮೂಲಕ ತಾಯಿಯ ಪ್ರತಿಕಾಯ ಪಡೆದ ಎಳೆಗರುಗಳನ್ನು ಇದಕ್ಕೆ ಆರಿಸಬಾರದು.

2022ರಲ್ಲಿ ಚರ್ಮಗಂಟು ರೋಗ ಹರಡಿದಾಗಲೂ ಇಂಥದೇ ತೊಡಕಿತ್ತು. ಆಗ ಬಳಸಿದ ಮೇಕೆ ಸಿಡುಬಿನ ಲಸಿಕೆಯ ಪ್ರತಿಕಾಯವನ್ನೂ ರೋಗದ ಪ್ರತಿಕಾಯವನ್ನೂ ಸಾಮಾನ್ಯ ಪರೀಕ್ಷೆಗಳು ಬೇರ್ಪಡಿಸಲಾರವು. ಆದರೆ ಗಂಟಿನ ಹಕ್ಕಳೆಯಲ್ಲಿ ವೈರಸ್ ವಾರಗಟ್ಟಲೆ ಉಳಿಯುವುದರಿಂದ ಅದರ ಪಿಸಿಆರ್ ಪರೀಕ್ಷೆ ಸುಲಭ.

ದನಗಳ ಮಾರಕ ದೊಡ್ಡರೋಗದಿಂದ (ರಿಂಡರ್‌ಪೆಸ್ಟ್) ಭಾರತ 2006ರಲ್ಲಿ ಮುಕ್ತವೆನಿಸಿದ್ದು ಲಸಿಕೆಯೊಂದರಿಂದಲೇ ಅಲ್ಲ. ಲಸಿಕೆ ನಿಲ್ಲಿಸಿದ ಮೇಲೂ ರಾಸುಗಳ ರಕ್ತಸಾರವನ್ನು ವರ್ಷಗಟ್ಟಲೆ ಪರೀಕ್ಷಿಸಿ, ವೈರಸ್ ಉಳಿದಿಲ್ಲವೆಂದು ಸಾಬೀತುಪಡಿಸಬೇಕಾಯಿತು. ಕಾಲುಬಾಯಿ ಜ್ವರದಲ್ಲೂ ಈ ದಾರಿಯನ್ನೇ ಹಿಡಿಯಬೇಕಾಗುತ್ತದೆ.

ಹೆಬ್ಬಾಳ ಮತ್ತು ಯಲಹಂಕದಲ್ಲಿ ಪಶುರೋಗಗಳಿಗೆಂದೇ ಸಂಸ್ಥೆಗಳಿರುವ ನಮ್ಮ ರಾಜ್ಯಕ್ಕೆ ಪರಿಣತಿಯ ಕೊರತೆಯಿಲ್ಲ. ಪ್ರತಿ ತಾಲ್ಲೂಕು ಪಶು ಆಸ್ಪತ್ರೆಯಲ್ಲೂ ಬಫರ್ ದ್ರಾವಣ, ಸರಿಯಾದ ನಳಿಕೆಗಳು ಮತ್ತು ಐಸ್‌ಪೆಟ್ಟಿಗೆ ಸದಾ ಸಿದ್ಧವಿರುವಂತೆ ಇಲಾಖೆ ನೋಡಿಕೊಳ್ಳಬೇಕು. ಮಾದರಿ ಸಾಗಿಸುವ ವೆಚ್ಚವನ್ನು ವೈದ್ಯರ ಕಿಸೆಗೆ ಬಿಡಬಾರದು. ಪರೀಕ್ಷೆಯ ಫಲಿತಾಂಶ ರಾಸಿನ ಒಡೆಯನಿಗೂ ಊರಿನ ಹಾಲು ಉತ್ಪಾದಕರ ಸಂಘಕ್ಕೂ ಕನ್ನಡದಲ್ಲೇ ತಲುಪಬೇಕು. ಮುಂದಿನ ಲಸಿಕಾ ಸುತ್ತಿನ ಅಂಕಿಅಂಶದ ಜೊತೆಗೆ, ಪರೀಕ್ಷಿಸಿದ ಮಾದರಿಗಳೆಷ್ಟು, ಅವುಗಳಲ್ಲಿ ಕಂಡ ವೈರಸ್ ಯಾವ ಬಗೆಯದು ಎಂಬುದನ್ನೂ ಜಿಲ್ಲಾವಾರು ಪ್ರಕಟಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಪಶುವೈದ್ಯ, ತುಮಕೂರು