ನೀರು ಚಿಮುಕಿಸಿದರೆ ತೂತು ಮುಚ್ಚುತ್ತಾ?

ಗ್ರಾಹಕ ಸೇವಾ ವಿಭಾಗದವರಿಗೆ,

ವಿಷಯ: ಸಿಗಾರ್‌ನ ಹೊರಗೆ ಸುತ್ತುವ ರ್‍ಯಾಪರ್ ಎಲೆಗಳಲ್ಲಿ ಹುಳದ ತೂತು, ಬದಲಿ ಎಲೆ ಇಲ್ಲವೇ ಹಣ ವಾಪಸ್ ಕೋರಿ

ಮಾನ್ಯರೇ,

ನಿಮ್ಮಿಂದ ತರಿಸಿದ ಕಾಲು ಕಿಲೋ ರ್‍ಯಾಪರ್ ತಂಬಾಕು ಎಲೆ ಹೋದ ಸೋಮವಾರ ಕೈಸೇರಿತು. ಎಣಿಸಿದರೆ 34 ಎಲೆ. ಅದರಲ್ಲಿ ರ್‍ಯಾಪರ್ ಅನ್ನಿಸಿಕೊಳ್ಳುವಂಥವು 5. ಉಳಿದ 29ರಲ್ಲೂ ತೂತು. ಫೋಟೋ ಸಮೇತ ನಿಮಗೆ ಬರೆದೆ. "ಎಲೆ ಒಣಗಿರಬಹುದು, ನೀರು ಚಿಮುಕಿಸಿ ಒಂದು ರಾತ್ರಿ ಇಡಿ" ಅಂತ ಉತ್ತರ ಬಂತು. ನೀರು ಚಿಮುಕಿಸಿದರೆ ತೂತು ಮುಚ್ಚುತ್ತಾ? ನಾನು ಬರೆದದ್ದನ್ನು ಯಾರೂ ಓದಿಲ್ಲ ಅಂತ ಕಾಣುತ್ತದೆ. ಅದಕ್ಕೇ ಈ ಸಲ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾನೇನು ಕಸುಬುದಾರನಲ್ಲ. ರಜೆಯ ದಿನ ಮನೆಯಲ್ಲಿ ಕೂತು ನಾಲ್ಕೈದು ಸಿಗಾರ್ ಸುತ್ತುವ ಹವ್ಯಾಸ, ಅಷ್ಟೇ. ಆದರೆ ಒಣಗಿದ ಎಲೆ ಯಾವುದು, ತೂತಾದ ಎಲೆ ಯಾವುದು ಅಂತ ಗೊತ್ತಾಗದಷ್ಟು ಹೊಸಬನೂ ಅಲ್ಲ. ಎಲೆ ಗರಿಗರಿ ಒಣಗಿ ಬರುವುದು ಮಾಮೂಲು. ಸಣ್ಣಗೆ ನೀರು ಸಿಂಪಡಿಸಿ, ಚೀಲದಲ್ಲಿ ಕಟ್ಟಿಟ್ಟು, ಮಾರನೇ ದಿನ ತೆಗೆದರೆ ಎಳೆದಂತೆ ಬರುತ್ತದೆ. ನಿಮಗೆ ಬರೆಯುವ ಮುಂಚೆಯೇ ಅದನ್ನೂ ಮಾಡಿದ್ದೆ. ಮೆತ್ತಗಾದ ಎಲೆಯನ್ನು ಬಿಡಿಸಿ ದೀಪಕ್ಕೆ ಹಿಡಿದಾಗಲೇ ಬಂಡವಾಳ ಬಯಲಾಗಿದ್ದು. ಗುಂಡುಸೂಜಿಯ ತಲೆಯಷ್ಟು ದುಂಡನೆಯ ತೂತು, ಕೆಲವು ಎಲೆಯಲ್ಲಿ ಎಂಟು ಹತ್ತು.

ಹರಿದ ಎಲೆ ಹೀಗಿರುವುದಿಲ್ಲ. ಅದು ನಾರಿನ ಗುಂಟ ಸೀಳುತ್ತದೆ. ಇದು ತಂಬಾಕು ಜೀರುಂಡೆಯ ಕೆಲಸ. ಚೀಲದ ತಳದಲ್ಲಿ ಕಂದು ಪುಡಿಯೂ ಇತ್ತು. ಹುಳ ನಿಮ್ಮ ಮನೆಯಲ್ಲೇ ಬಿದ್ದಿರಬಹುದು ಅಂತ ನೀವು ಹೇಳುವ ಮೊದಲು ಒಂದು ವಿಷಯ ಕೇಳಿ. ಎಲೆಗಳನ್ನು ಬಂದ ಮಡಿಕೆಯಲ್ಲೇ ಮತ್ತೆ ಮಡಚಿ ನೋಡಿದೆ. ತೂತಿನ ಮೇಲೆ ತೂತು ಸರಿಯಾಗಿ ಕೂತಿತು. ಈ ಕಡೆಯಿಂದ ಸೂಜಿ ತೂರಿಸಿದರೆ ನಾಲ್ಕು ಪದರ ದಾಟಿ ಆ ಕಡೆ ಬಂತು! ಅಂದರೆ ಕಟ್ಟು ಕಟ್ಟಿದ ಮೇಲೆ, ಬಿಚ್ಚುವ ಮೊದಲು ಕೊರೆದಿದೆ ಅಂತಾಯಿತು. ಮೊಟ್ಟೆ ಒಡೆದು, ಮರಿ ಬೆಳೆದು, ಜೀರುಂಡೆಯಾಗಲು ವಾರಗಟ್ಟಲೆ ಬೇಕು. ನಾನು ಸೀಲ್ ಒಡೆದದ್ದು ಪಾರ್ಸೆಲ್ ಬಂದ ದಿನವೇ.

ಒಳಗೆ ತುಂಬುವ ಫಿಲ್ಲರ್ ಎಲೆ ಹೀಗಾಗಿದ್ದರೆ ಸುಮ್ನೆ ಬಿಡುತ್ತಿದ್ದೆ. ಫಿಲ್ಲರನ್ನು ಹಿಡಿದಿಡುವ ಒಳಸುತ್ತಿನ ಬೈಂಡರ್ ಆದರೂ ತೂತು ಮರೆಯಾಗುವ ಹಾಗೆ ಹೇಗೋ ಸುತ್ತಬಹುದು. ರ್‍ಯಾಪರ್ ಹಾಗಲ್ಲ, ಅದು ಸಿಗಾರ್‌ನ ಚರ್ಮ. ನಡುದಂಟು ಬಿಡಿಸಿದರೆ ಒಂದು ಎಲೆಗೆ ಎರಡು ರ್‍ಯಾಪರ್. ಎಡ ಅರ್ಧವನ್ನು ಒಂದು ದಿಕ್ಕಿಗೆ, ಬಲ ಅರ್ಧವನ್ನು ಇನ್ನೊಂದು ದಿಕ್ಕಿಗೆ ಸುತ್ತಬೇಕು. ಹಾಗಾಗಿ ಈ ಅರ್ಧದ ತೂತಿಗೆ ಆ ಅರ್ಧ ಕೂಡಿಸುವ ಆಟ ನಡೆಯುವುದಿಲ್ಲ. ಆದರೂ ಒಂದಕ್ಕೆ ಅಂಟು ಹಚ್ಚಿ ತೇಪೆ ಹಾಕಿ ನೋಡಿದೆ. ಮೂರನೇ ದಮ್ಮಿಗೇ ತೇಪೆಯ ಸಂದಿಯಿಂದ ಗಾಳಿ ಎಳೆಯಿತು. ಆಮೇಲೆ ಒಂದೇ ಪಕ್ಕಕ್ಕೆ ಉರಿದುಕೊಂಡು ಹೋಯಿತು.

ಅದೇ ಪಾರ್ಸೆಲ್‌ನಲ್ಲಿ ಬಂದ ಲಿಗೆರೊ, ಸೆಕೊ ಎಂಬ ಎರಡು ಬಗೆಯ ಫಿಲ್ಲರ್ ಎಲೆಗಳೂ ಚೆನ್ನಾಗಿವೆ. ಸರಿಯಾಗಿ ಹದವಾಗದ ಎಲೆಗೆ ಬರುವ ಅಮೋನಿಯಾ ವಾಸನೆ ಸ್ವಲ್ಪವೂ ಇಲ್ಲ. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ನನ್ನ ಚಿಂತೆ ಜಾಸ್ತಿ ಇರುವುದು ಹಳೆಯ ಎಲೆಗಳ ಬಗ್ಗೆ. ಎರಡು ವರ್ಷದಿಂದ ಹದಕ್ಕೆ ಇಟ್ಟಿದ್ದವು, ಈ ಎಲೆ ಇಟ್ಟ ಕಪಾಟಿನಲ್ಲೇ ಇದ್ದವು. ಮೊಟ್ಟೆಯಂತೂ ಕಣ್ಣಿಗೆ ಬೀಳುವುದಿಲ್ಲ, ಅಲ್ವಾ? ಹುಳ, ಮೊಟ್ಟೆ ಇದ್ದರೆ ಸಾಯಲಿ ಅಂತ ಆ ಹಳೆಯ ಎಲೆ ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯಲ್ಲಿ ಫ್ರೀಜರ್‌ಗೆ ಹಾಕಿದ್ದೇನೆ. ಫ್ರೀಜರ್ ತುಂಬಾ ತಂಬಾಕು ನೋಡಿ ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಆ ಕೆಲಸ ನಿಮ್ಮ ಗೋದಾಮಿನಲ್ಲಿ ಆಗಬೇಕಿತ್ತು.

ಬೇರೆ ಲಾಟಿನಿಂದ ಕಾಲು ಕಿಲೋ ರ್‍ಯಾಪರ್ ಕಳಿಸಿ, ಇಲ್ಲವೇ ರ್‍ಯಾಪರ್‌ನ ಪೂರ್ತಿ ಹಣ ಹಿಂತಿರುಗಿಸಿ. ಕಳಿಸುವುದಾದರೆ ದಯವಿಟ್ಟು ಒಂದು ಕಟ್ಟು ಬಿಚ್ಚಿ ದೀಪಕ್ಕೆ ಹಿಡಿದು ನೋಡಿ. ಇದೇ ಲಾಟಿನ ಎಲೆ ಕೊಂಡ ಬೇರೆಯವರಿಗೂ ತಿಳಿಸಿ, ಅವರ ಕಪಾಟೂ ಕೆಡುವ ಮೊದಲು. 10 ದಿನ ಕಾಯುತ್ತೇನೆ. ಆಮೇಲೆ ಹಣ ವಾಪಸ್ ಕೊಡಿಸಿ ಅಂತ ಕಾರ್ಡಿನ ಬ್ಯಾಂಕಿಗೆ ಬರೆಯುತ್ತೇನೆ.

ಹುಳ ಹಿಡಿದ ಕಟ್ಟು ಹಾಗೇ ಇದೆ. ನೋಡಬೇಕೆಂದರೆ ನಿಮ್ಮ ಖರ್ಚಿನಲ್ಲಿ ತರಿಸಿಕೊಳ್ಳಿ. ನೀರು ಚಿಮುಕಿಸಿ ಅನ್ನುವ ಉತ್ತರ ಮಾತ್ರ ಮತ್ತೆ ಬೇಡ.

ಇಂತಿ,
ನಿಮ್ಮ ಗ್ರಾಹಕ