ಒಂದೂ ಸೀಟು ಗೆಲ್ಲದ ಪಕ್ಷದ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಅಲ್ಬೇನಿಯಾದ ಕೆಂಪು-ಕಪ್ಪು ಮೈತ್ರಿ ಪಕ್ಷದ ಬಗ್ಗೆ ಇಷ್ಟೊಂದು ಓದುವುದೇನಿದೆ ಅಂತ ಕೇಳಿದ್ದೀಯ. 2013ರ ಚುನಾವಣೆಯಲ್ಲಿ ಅದಕ್ಕೆ ನೂರಕ್ಕೆ ಒಂದು ವೋಟೂ ಬೀಳಲಿಲ್ಲ, 140 ಸೀಟಿನ ಸಂಸತ್ತಿನಲ್ಲಿ ಒಂದೂ ಸಿಗಲಿಲ್ಲ, ಒಪ್ಪಿದೆ. ಹಾಗಂತ ಅಲ್ಬೇನಿಯನ್ನರನ್ನೆಲ್ಲ ಒಂದುಗೂಡಿಸಬೇಕು ಅನ್ನುವ ಅವರ ಮಾತು ಜನರಿಗೆ ಬೇಡವಾಗಿತ್ತು ಅಂತ ಅಲ್ಲ ಕಣೋ. 2010ರ ಗ್ಯಾಲಪ್ ಸಮೀಕ್ಷೆಯಲ್ಲಿ ಅಲ್ಬೇನಿಯಾ, ಅಲ್ಬೇನಿಯನ್ನರೇ ಹೆಚ್ಚಿರುವ ಪಕ್ಕದ ಕೊಸೊವೊ ಎರಡೂ ಕಡೆ ಅರ್ಧಕ್ಕಿಂತ ಹೆಚ್ಚು ಜನ ಅಲ್ಬೇನಿಯನ್ನರೆಲ್ಲ ಒಂದೇ ದೇಶವಾಗಲಿ ಅಂದಿದ್ದರು. ಮನಸ್ಸು ಒಂದು ಕಡೆ ಇದ್ದು ವೋಟು ಇನ್ನೊಂದು ಕಡೆ ಹೋಗಿದ್ದು ಯಾಕೆ ಅನ್ನುವುದೇ ನನ್ನನ್ನು ಕಾಡುವುದು.

ಗಾಯವಂತೂ ಸುಳ್ಳಲ್ಲ. 1912ರ ನವೆಂಬರ್ 28ರಂದು ವ್ಲೋರಾದಲ್ಲಿ ಇಸ್ಮಾಯಿಲ್ ಕೆಮಾಲಿ ಆಟೊಮನ್ ತುರ್ಕರಿಂದ ಸ್ವಾತಂತ್ರ್ಯ ಸಾರಿದರು. ಅವರು ಏರಿಸಿದ ಕೆಂಪು ಬಾವುಟದಲ್ಲಿ ಇದ್ದದ್ದು ನಮ್ಮ ಗಂಡಭೇರುಂಡದಂತೆ ಎರಡು ತಲೆಯ ಕಪ್ಪು ಹದ್ದು. ಮರುವರ್ಷ ಲಂಡನ್ನಿನಲ್ಲಿ ದೊಡ್ಡ ರಾಷ್ಟ್ರಗಳ ರಾಯಭಾರಿಗಳು ಕೂತು ಗಡಿ ತೀರ್ಮಾನಿಸಿದರು. ಕೊಸೊವೊದ ಹೆಚ್ಚಿನ ಭಾಗ ಸೆರ್ಬಿಯಾಕ್ಕೆ ಹೋಯಿತು, ದಕ್ಷಿಣದ ಚಾಮೆರಿಯಾ ಪ್ರದೇಶ ಗ್ರೀಸಿಗೆ ಹೋಯಿತು. ಅಲ್ಬೇನಿಯನ್ನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ತಮ್ಮ ಹೊಸ ದೇಶದ ಹೊರಗೇ ಉಳಿದರು. ಕೋಲ್ಕತ್ತದ ಮದರ್ ತೆರೇಸಾ 1910ರಲ್ಲಿ ಹುಟ್ಟಿದ್ದು ಈಗಿನ ಉತ್ತರ ಮ್ಯಾಸಿಡೋನಿಯಾದ ರಾಜಧಾನಿ ಸ್ಕೋಪ್ಯೆಯ ಅಲ್ಬೇನಿಯನ್ ಮನೆಯಲ್ಲಿ. ಆ ಊರೂ ಗಡಿಯ ಆಚೆಗೇ ಸೇರಿತು.

ಪಕ್ಷ ಕಟ್ಟಿದವರು ಕ್ರೆಶ್ನಿಕ್ ಸ್ಪಾಹಿಯು. ಅವರು ಅಲ್ಲಿನ ನ್ಯಾಯಾಂಗ ಮಂಡಳಿಯ ಉಪಾಧ್ಯಕ್ಷರಾಗಿದ್ದವರು. ಮೊದಲು ಚಳವಳಿಯಾಗಿದ್ದದ್ದು 2012ರಲ್ಲಿ ಪಕ್ಷವಾಯಿತು. 2011ರ ಜನಗಣತಿಯಲ್ಲಿ ಜನಾಂಗ ಕೇಳಬಾರದು ಅಂತ ಅವರು ಬೀದಿಗಿಳಿದಿದ್ದರು. ದಕ್ಷಿಣದ ಜನ ಗ್ರೀಸಿನ ಸವಲತ್ತಿಗಾಗಿ ತಮ್ಮನ್ನು ಗ್ರೀಕರೆಂದು ಬರೆಸಿಕೊಂಡಾರು ಅನ್ನುವುದು ಅವರ ಭಯ. ಈ ವಿಷಯದಲ್ಲಿ ನಾನು ಅವರ ಜೊತೆಗಿಲ್ಲ. ತಾನು ಯಾರೆಂದು ಹೇಳಿಕೊಳ್ಳುವ ಹಕ್ಕು ಸೆರ್ಬಿಯಾದ ಅಲ್ಬೇನಿಯನ್ನನಿಗೆ ಬೇಕೆಂದಾದರೆ ಅಲ್ಬೇನಿಯಾದ ಗ್ರೀಕನಿಗೂ ಬೇಕು. ಅದನ್ನು ಬಿಟ್ಟುಕೊಟ್ಟು ಏಕತೆ ಕೇಳುವವರನ್ನು ಪಕ್ಕದ ದೇಶಗಳು ಹೇಗೆ ನಂಬಬೇಕು?

ವೋಟಿನ ಕಥೆ ಬೇರೆ. 2012ರಲ್ಲಿ ಸ್ವಾತಂತ್ರ್ಯದ ನೂರನೇ ವರ್ಷ. ಪ್ರಧಾನಿ ಸಾಲಿ ಬೆರಿಶಾ ತಾವೇ ವ್ಲೋರಾದಲ್ಲಿ ನಿಂತು ಗ್ರೀಸಿನ ಪ್ರೆವೆಜಾದಿಂದ ಸೆರ್ಬಿಯಾದ ಪ್ರೆಷೆವೊವರೆಗಿನ ಅಲ್ಬೇನಿಯನ್ ನೆಲದ ಮಾತಾಡಿದರು. ಗ್ರೀಸಿನ ವಿದೇಶಾಂಗ ಸಚಿವರು ಅಲ್ಬೇನಿಯಾಕ್ಕೆ ಬರುವುದನ್ನೇ ಕೈಬಿಟ್ಟರು. ದೊಡ್ಡ ಪಕ್ಷವೇ ಆ ಮಾತನ್ನು ಎತ್ತಿಕೊಂಡ ಮೇಲೆ ಸಣ್ಣ ಪಕ್ಷಕ್ಕೆ ಉಳಿಯುವುದೇನು? 2013ರಲ್ಲಿ ಜನರ ಮುಂದಿದ್ದ ಪ್ರಶ್ನೆ ಬೆರಿಶಾ ಇರಬೇಕೋ, ವಿರೋಧ ಪಕ್ಷದ ಎಡಿ ರಾಮಾ ಬರಬೇಕೋ ಅನ್ನುವುದಷ್ಟೇ. ರಾಮಾ ಗೆದ್ದರು.

ಅತ್ತ ಕೊಸೊವೊ 2008ರಲ್ಲಿ ಸೆರ್ಬಿಯಾದಿಂದ ಸ್ವತಂತ್ರವಾದಾಗಲೇ ಅದರ ಸಂವಿಧಾನದ ಮೊದಲ ವಿಧಿಯಲ್ಲಿ, ಯಾವ ದೇಶದೊಂದಿಗೂ ಒಂದಾಗಲು ಪ್ರಯತ್ನಿಸುವುದಿಲ್ಲ ಅಂತ ಬರೆಯಲಾಯಿತು. ಅಲ್ಲಿನ ಅಧಿಕೃತ ಬಾವುಟ ನೀಲಿ. ಮದುವೆ ದಿಬ್ಬಣದ ಕಾರಿನ ಕಿಟಕಿಯಿಂದ ಹಾರಾಡುವುದು ಮಾತ್ರ ಅಲ್ಬೇನಿಯಾದ ಕೆಂಪು ಬಾವುಟ. ಆ ವಿಧಿ ಕಠಿಣ ಅನ್ನಿಸಿದರೂ ಅದರ ಹಿಂದಿನ ಎಚ್ಚರ ನನಗೆ ಅರ್ಥವಾಗುತ್ತದೆ. ಕೊಸೊವೊ ಅಲ್ಬೇನಿಯಾಕ್ಕೆ ಸೇರುವುದಾದರೆ, ಕೊಸೊವೊದ ಮಿತ್ರೊವಿಕಾ ಊರಿನ ಉತ್ತರಕ್ಕಿರುವ ಸೆರ್ಬರು ನಮ್ಮನ್ನೂ ಸೆರ್ಬಿಯಾಕ್ಕೆ ಸೇರಿಸಿ ಅನ್ನುತ್ತಾರೆ. ಅದರ ಬೆನ್ನಿಗೇ ಬೋಸ್ನಿಯಾದ ಸೆರ್ಬರೂ ಏಳುತ್ತಾರೆ. 2001ರಲ್ಲಿ ಓಹ್ರಿಡ್ ಒಪ್ಪಂದದಿಂದ ಶಾಂತಿ ಕಂಡ ಉತ್ತರ ಮ್ಯಾಸಿಡೋನಿಯಾದಲ್ಲಿ ಮತ್ತೆ ಬಂದೂಕು ಹೊರಬಂದರೆ ಸಾಯುವವರು ಅಲ್ಲಿನ ಟೆಟೊವೊದ ಅಲ್ಬೇನಿಯನ್ನರೇ ತಾನೆ?

ಗಡಿ ಅಳಿಸದೆಯೂ ಆಗುವ ಕೆಲಸ ಬೇಕಾದಷ್ಟಿದೆ ಮಾರಾಯ. ಅಲ್ಬೇನಿಯಾದ ಬಂದರು ದುರ್‍ರೆಸ್‌ನಿಂದ ಕುಕೆಸ್ ಮೇಲೆ ಕೊಸೊವೊ ಗಡಿಗೆ ಹೋಗುವ ಹೆದ್ದಾರಿ 2009ರಲ್ಲಿ ತೆರೆಯಿತು. ಅದನ್ನು ಅಲ್ಲಿ ರಾಷ್ಟ್ರದ ರಸ್ತೆ ಅನ್ನುತ್ತಾರೆ. ಕಲಿಮಾಶ್ ಬೆಟ್ಟ ಕೊರೆದು ಐದು ಕಿಲೋಮೀಟರಿಗೂ ಉದ್ದದ ಸುರಂಗ ಮಾಡಿದ್ದಾರೆ. ಬೇಸಿಗೆ ಬಂತೆಂದರೆ ಕೊಸೊವೊದ ಸಂಸಾರಗಳು ಮಕ್ಕಳುಮರಿ ಕಟ್ಟಿಕೊಂಡು ಅದೇ ದಾರಿಯಲ್ಲಿ ಅಲ್ಬೇನಿಯಾದ ಸಮುದ್ರಕ್ಕೆ ಇಳಿಯುತ್ತವೆ. 2018ರಲ್ಲಿ ಅದಕ್ಕೆ ಟೋಲ್ ಹಾಕಿದಾಗ ಕುಕೆಸ್ ಕಡೆಯ ಜನ ಟೋಲ್ ಗೇಟಿಗೇ ಬೆಂಕಿ ಹಚ್ಚಿದರು.

ನಾನು ಕೇಳುವುದು ಇಂಥದ್ದನ್ನೇ. ಪ್ರೆಷೆವೊದ ಹುಡುಗಿ ಕೊಸೊವೊದ ರಾಜಧಾನಿ ಪ್ರಿಶ್ತಿನಾದಲ್ಲಿ ತನ್ನ ಭಾಷೆಯಲ್ಲಿ ಓದಿ ಪದವಿ ತಂದರೆ ಅದಕ್ಕೆ ಸೆರ್ಬಿಯಾದಲ್ಲಿ ಮಾನ್ಯತೆ ಸಿಗುವುದು ವರ್ಷಗಳಿಂದ ದೊಡ್ಡ ತಗಾದೆ. ಅವಳು ಊರಿಗೆ ಮರಳಿ ಶಾಲೆಯಲ್ಲಿ ಟೀಚರ್ ಆಗುವುದಕ್ಕೆ ಬೇಕಾದದ್ದು ಸಹಿ ಮಾಡಿದ ಒಂದು ಕಾಗದ. ಅದನ್ನು ಕೊಡಿಸಲು ಹೊರಡುವ ಪಕ್ಷ ಎಷ್ಟೇ ಸಣ್ಣದಾಗಿರಲಿ, ನಾನು ಅದರ ಪರ.

ನಿನ್ನ ಅಭಿಪ್ರಾಯ ಬೇರೆ ಇದ್ದರೆ ಮುಚ್ಚಿಡದೆ ಬರೆ. ಮನೆಯವರಿಗೆಲ್ಲ ನನ್ನ ನೆನಪು ಹೇಳು.

ಇಂತಿ ನಿನ್ನ ಗೆಳೆಯ